ಅಯಾನುಗಳ ಕೊಡುಕೊಳೆ

ಹತ್ತನೆಯ ತರಗತಿಯ ರಸಾಯನಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಾವು ವರ್ಷವರ್ಷವೂ ಕಾಣುವ ತಪ್ಪೊಂದುಂಟು. ಸಮೀಕರಣವನ್ನು ಸರಿದೂಗಿಸಲು ಶ್ರಮಪಟ್ಟ ವಿದ್ಯಾರ್ಥಿಯು ಮೊದಲನೆಯ ಸೂತ್ರವನ್ನೇ ತಪ್ಪಾಗಿ ಬರೆದಿರುತ್ತಾನೆ. ಮುಂದಿನ ದುಡಿಮೆಯೆಲ್ಲ ವ್ಯರ್ಥ. ಇದನ್ನು ಕಂಡ ಕೆಲವು ಪೋಷಕರು, ಕನ್ನಡದಲ್ಲಿ ಕಲಿತುದರಿಂದಲೇ ಹೀಗಾಯಿತೆಂದು ಶಂಕಿಸುತ್ತಾರೆ. ಆ ಶಂಕೆಗೆ ಆಧಾರವಿಲ್ಲವೆಂಬುದನ್ನು ಪಾಠದ ಮೂಲಕವೇ ತೋರಿಸಬಯಸುತ್ತೇವೆ.

ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳಿವೆ. ಅತ್ಯಂತ ಹೊರಗಿನ ಕವಚದಲ್ಲಿರುವುದು ಒಂದೇ. ಕ್ಲೋರಿನ್ನಿನಲ್ಲಿ 17, ಅದರ ಹೊರಕವಚಕ್ಕೆ ಒಂದು ಕಡಮೆ. ಸೋಡಿಯಂ ಕೊಡುತ್ತದೆ, ಕ್ಲೋರಿನ್ ಪಡೆಯುತ್ತದೆ. ಎಲೆಕ್ಟ್ರಾನಿನದು ಋಣ ವಿದ್ಯುದಂಶವಾದುದರಿಂದ ಕೊಟ್ಟುದು ಧನ ಅಯಾನು, ಪಡೆದುದು ಋಣ ಅಯಾನು. ಕೊಟ್ಟರೆ ಕಡಮೆಯಾಗಬೇಕಲ್ಲವೆ, ಧನವೆನ್ನುವುದೇಕೆ ಎಂದು ಮಕ್ಕಳು ಕೇಳುವುದುಂಟು. ನೆನಪಿಡುವ ದಾರಿ ನಮ್ಮ ನುಡಿಯಲ್ಲಿಯೇ ಇದೆ: ಕೊಟ್ಟವನು ಧನಿ, ಪಡೆದವನು ಋಣಿ. ಇಂಗ್ಲಿಷಿನಲ್ಲಿ ಕಲಿಯುವವರಿಗೆ ಈ ಅನುಕೂಲವಿಲ್ಲ. ಸೋಡಿಯಮ್ಮಿನ ಸಂಕೇತವಾದ ‘ಎನ್‌ಎ’ ಕೂಡ ಇಂಗ್ಲಿಷ್ ಹೆಸರಿನಿಂದ ಬಂದುದಲ್ಲ. ‘ನೇಟ್ರಿಯಂ’ ಎಂಬ ಲ್ಯಾಟಿನ್ ಹೆಸರಿನಿಂದ ಬಂದುದು. ಅದನ್ನು ಎಲ್ಲ ಮಕ್ಕಳೂ ಬಾಯಿಪಾಠವೇ ಮಾಡಬೇಕು.

ಇನ್ನು ಸೂತ್ರ. ಧನವೂ ಋಣವೂ ಸೇರಿ ಸೊನ್ನೆಯಾಗಬೇಕು, ನಿಯಮ ಇಷ್ಟೇ. ನಮ್ಮ ಕಾಸರಗೋಡಿನ ಅಡಕೆ ತೋಟಗಳಿಗೆ ಮಳೆಗಾಲದಲ್ಲಿ ಕೊಳೆರೋಗದ ತಡೆಗೆಂದು ಬಿಡುವ ಮದ್ದನ್ನು ನೋಡಿರಿ. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತೆಂದರೆ ತಾಮ್ರದ ಸಲ್ಫೇಟು; ಹರಳಿನೊಳಗಿರುವ ನೀರಿನ 5 ಅಣುಗಳನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ತಾಮ್ರಕ್ಕೆ ಧನ 2, ಸಲ್ಫೇಟಿಗೆ ಋಣ 2, ಒಂದಕ್ಕೊಂದು ಸಾಕು. ಸೂತ್ರ: ಸಿಯು ಎಸ್‌ಒ4. (ಸಂಕೇತಗಳನ್ನು ಇಲ್ಲಿ ಓದುವಂತೆ ಕನ್ನಡದಲ್ಲಿ ಬರೆದಿದ್ದೇವೆ; ಉತ್ತರಪತ್ರಿಕೆಯಲ್ಲಿ ರೋಮನ್ ಅಕ್ಷರಗಳನ್ನೇ ಬರೆದು, ಅಂಕೆಯನ್ನು ಅವುಗಳ ಕೆಳಬದಿಗೆ ಇಡತಕ್ಕದ್ದು.) ಸಂಖ್ಯೆಗಳನ್ನು ಅದಲುಬದಲು ಮಾಡುವ ಉಪಾಯವನ್ನು ಯೋಚಿಸದೆ ಹಿಡಿದವರು ಇಲ್ಲಿ ಎರಡು ತಾಮ್ರ, ಎರಡು ಸಲ್ಫೇಟು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅದಲುಬದಲಾದ ಮೇಲೆ ಸಂಖ್ಯೆಗಳನ್ನು ಸಾಮಾನ್ಯ ಅಪವರ್ತನದಿಂದ ಭಾಗಿಸಲೇಬೇಕು.

ಅರಳಿದ ಸುಣ್ಣವು ಕ್ಯಾಲ್ಸಿಯಂ ಹೈಡ್ರಾಕ್ಸೈಡು. ಕ್ಯಾಲ್ಸಿಯಮ್ಮಿಗೆ ಧನ 2, ಹೈಡ್ರಾಕ್ಸೈಡಿಗೆ ಋಣ 1. ಒಬ್ಬ ಧನಿಗೆ ಇಬ್ಬರು ಋಣಿಗಳು: ಸಿಎ (ಒಎಚ್)2. ಇಲ್ಲಿ ಆವರಣಚಿಹ್ನೆಯೇ ಮುಖ್ಯ. ಅದನ್ನು ಬಿಟ್ಟರೆ 2 ಎಂಬುದು ಹೈಡ್ರೋಜನ್ನಿಗೆ ಮಾತ್ರ ಸಲ್ಲುತ್ತದೆ, ಆಕ್ಸಿಜನ್ ಒಂದೇ ಉಳಿಯುತ್ತದೆ. ಅಂತಹ ಸುಣ್ಣವು ಯಾವ ಅಜ್ಜಿಯ ಎಲೆಯಡಕೆಯ ತಟ್ಟೆಯಲ್ಲಿಯೂ ಇರಲಾರದು.

ಕಡೆಯದಾಗಿ ತುಸು ಕಠಿನವಾದ ಜೋಡಿಯೊಂದು: ಅಲ್ಯುಮಿನಿಯಂ ಸಲ್ಫೇಟು. ಅಲ್ಯುಮಿನಿಯಮ್ಮಿಗೆ ಧನ 3, ಸಲ್ಫೇಟಿಗೆ ಋಣ 2. ಇವೆರಡರ ಲಘುತಮ ಸಾಮಾನ್ಯ ಅಪವರ್ತ್ಯ 6. ಆದುದರಿಂದ 2 ಅಲ್ಯುಮಿನಿಯಂ, 3 ಸಲ್ಫೇಟು. ಸೂತ್ರವನ್ನು ನಾವು ಬರೆಯುವುದಿಲ್ಲ. ಪೋಷಕರು ಮಗುವಿನ ಕೈಯಿಂದ ಬರೆಯಿಸಿ, ಆವರಣ ಎಲ್ಲಿ ಬಿದ್ದಿದೆಯೆಂಬುದನ್ನು ನೋಡಲಿ.