ಹಳೆಯ ಸಾಲಿಡ್ ಕ್ಯಾಮ್ ಕೊಳ್ಳುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಶೆವರ್ಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನನ್ನು ವಿಂಟೇಜ್ ರೇಸಿಗೆ ಅಣಿಗೊಳಿಸುವವರಿಗೆ ಈ ಸೂಚನೆ. ಸಾಲಿಡ್ ಲಿಫ್ಟರಿನ ಹಳೆಯ ಕಾರ್ಖಾನೆ ಕ್ಯಾಮ್‌ಗಳಲ್ಲಿ ಇಂದಿಗೂ ಹುಡುಕಾಟ ಇರುವುದು ಮುಖ್ಯವಾಗಿ ಮೂರಕ್ಕೆ: 097, 30-30 ಮತ್ತು ಎಲ್‌ಟಿ-1. ಮೂರೂ ಒಳ್ಳೆಯವೇ. ಆದರೆ ಒಂದರ ಜಾಗಕ್ಕೆ ಇನ್ನೊಂದು ಒಗ್ಗುವುದಿಲ್ಲ.

ಮಾಡಬೇಕಾದ್ದು

ಮೊದಲು ಎಂಜಿನ್ ನಿರ್ಧರಿಸಿ, ಕ್ಯಾಮ್ ಆಮೇಲೆ. 30-30 ಬಂದದ್ದು 1964ರ 327 ಘನ ಇಂಚಿನ ಎಂಜಿನ್ನಿನಲ್ಲಿ. ಹೆಸರಾದದ್ದು 1967ರಿಂದ 69ರ ಝಡ್/28 ಕಮಾರೊದ 302ರಲ್ಲಿ. ಟ್ರಾನ್ಸ್-ಆಮ್ ರೇಸಿನ 305 ಘನ ಇಂಚಿನ ಮಿತಿಯೊಳಗೆ ಕೂರಲೆಂದೇ ಮಾಡಿದ ಎಂಜಿನ್ ಅದು: ಬೋರ್ 4 ಇಂಚು, ಸ್ಟ್ರೋಕ್ ಬರೇ 3 ಇಂಚು, ಕಂಪ್ರೆಷನ್ 11:1. 0.050 ಇಂಚು ಎತ್ತುವಿಕೆಯಲ್ಲಿ ಅಳೆದರೆ ಈ ಕ್ಯಾಮಿನ ಡ್ಯುರೇಷನ್ ಸುಮಾರು 254 ಡಿಗ್ರಿ. ಎಂಜಿನ್ ಮೇಲಿನ ಆರ್‌ಪಿಎಂನಲ್ಲೇ ಓಡುತ್ತಿದ್ದರೆ ಮಾತ್ರ ಇದು ಜೀವ ತಳೆಯುತ್ತದೆ. ನಿಮ್ಮದು 9:1ರ 350 ಆದರೆ 30-30 ಬೇಡವೇ ಬೇಡ. ತಿರುವಿನಿಂದ ಹೊರಬರುವಾಗ ಎಳೆತವೇ ಇರುವುದಿಲ್ಲ. 350ಕ್ಕೆ 1970ರ ಎಲ್‌ಟಿ-1 ಕ್ಯಾಮ್ ಮೇಲು: ಇನ್‌ಟೇಕ್ ಸುಮಾರು 242 ಡಿಗ್ರಿ, ಎಕ್ಸಾಸ್ಟ್ 254. 097ರ ಜಾಗ 283ರಂಥ ಸಣ್ಣ ಎಂಜಿನ್ನುಗಳಲ್ಲಿ, ತಿರುವು ಹೆಚ್ಚಿರುವ ಟ್ರ್ಯಾಕಿನಲ್ಲಿ.

ಪಾರ್ಟ್ ನಂಬರ್ ಕೇಳಿ: 097ಕ್ಕೆ 3736097, 30-30ಕ್ಕೆ 3849346, ಎಲ್‌ಟಿ-1ಕ್ಕೆ 3972178. ಶೆವರ್ಲೆಯ ಎಂಜಿನಿಯರ್ ಜೋರಾ ಆರ್ಕಸ್-ಡಂಟೋವ್ ಹೆಸರು 097ಕ್ಕೂ ಅಂಟಿದೆ, 30-30ಕ್ಕೂ ಅಂಟಿದೆ. ಮಾರುವವರಿಗಂತೂ ಸಾಲಿಡ್ ಆದದ್ದೆಲ್ಲ 'ಡಂಟೋವ್ ಕ್ಯಾಮ್'. ಏನೇ ಹೇಳಲಿ, ಡಿಗ್ರಿ ವೀಲ್ ಮತ್ತು ಡಯಲ್ ಗೇಜ್ ಇಟ್ಟು ಅಳೆದೇ ಒಳಗೆ ಹಾಕಿ.

ಬ್ಲಾಕ್ 1955 ಅಥವಾ 56ರ 265 ಆಗಿದ್ದರೆ ಕ್ಯಾಮಿನ ಹಿಂದಿನ ಜರ್ನಲ್‌ನಲ್ಲಿ ಆಯಿಲ್ ತೋಡು ಇರಲೇಬೇಕು. ಇಲ್ಲದಿದ್ದರೆ ಲಿಫ್ಟರಿಗೂ ರಾಕರಿಗೂ ಆಯಿಲ್ ಹೋಗುವುದಿಲ್ಲ.

ವಾಲ್ವ್ ಮತ್ತು ಪಿಸ್ಟನ್ ನಡುವೆ ಇನ್‌ಟೇಕಿಗೆ 0.080 ಇಂಚು, ಎಕ್ಸಾಸ್ಟಿಗೆ 0.100 ಇಂಚು ಕನಿಷ್ಠ ಜಾಗ ಉಳಿಸಿ.

ಮಾಡಬಾರದ್ದು

ಒಂದು ಕ್ಯಾಮಿನ ಟ್ಯಾಪೆಟ್ ಕ್ಲಿಯರೆನ್ಸನ್ನು ಇನ್ನೊಂದಕ್ಕೆ ಇಡಬೇಡಿ. ಇಲ್ಲಿಯೇ ಹೆಚ್ಚು ಎಂಜಿನ್ ಕೆಡುವುದು. 097ಕ್ಕೆ ಇನ್‌ಟೇಕ್ 0.012, ಎಕ್ಸಾಸ್ಟ್ 0.018 ಇಂಚು. ಎಲ್‌ಟಿ-1ಕ್ಕೆ 0.024 ಮತ್ತು 0.030. 30-30ಕ್ಕೆ ಎರಡೂ 0.030, ಹೆಸರು ಬಂದದ್ದೇ ಅದರಿಂದ. 30-30ಕ್ಕೆ 097ರ ಅಳತೆ ಇಟ್ಟರೆ ವಾಲ್ವ್ ಕ್ಯಾಮಿನ ರ‍್ಯಾಂಪ್ ಮೇಲೇ ಎದ್ದು ನಿಂತು, ಬೇಗ ತೆರೆದು ತಡವಾಗಿ ಮುಚ್ಚುತ್ತದೆ, ಕಂಪ್ರೆಷನ್ ಸೋರುತ್ತದೆ.

ಹಾಗೆಂದು ಕಾರ್ಖಾನೆ ಹೇಳಿದ 0.030ರಷ್ಟು ಸಡಿಲ ಬಿಡುವುದೂ ತಪ್ಪು. ಆ ರ‍್ಯಾಂಪ್ ಎತ್ತರ 0.020 ಇಂಚು. ರಾಕರ್ ಅನುಪಾತ 1.5 ಎನ್ನುತ್ತೇವಾದರೂ ವಾಲ್ವ್ ತೆರೆಯುವ ಆರಂಭದಲ್ಲಿ ಅದು ಸುಮಾರು 1.37. ಗುಣಿಸಿದರೆ 0.027. ಅಲ್ಲಿಗೆ ರ‍್ಯಾಂಪ್ ಮುಗಿಯಿತು. ಅದಕ್ಕೂ ಸಡಿಲವಿದ್ದರೆ ವಾಲ್ವಿಗೆ ಸುತ್ತಿಗೆ ಏಟು. ಈ ಲೆಕ್ಕದಿಂದಲೇ ಅನುಭವಿಗಳು 30-30ಕ್ಕೆ 0.026 ಇಡುತ್ತಾರೆ. ನಮ್ಮ ಮತವೂ ಅದೇ. ಅಲ್ಯೂಮಿನಿಯಂ ಹೆಡ್ ಇದ್ದರೆ ಬಿಸಿಯಾದಾಗ ಕ್ಲಿಯರೆನ್ಸ್ ಹೆಚ್ಚುತ್ತದೆ. ತಣ್ಣಗಿರುವಾಗ ಇನ್ನಷ್ಟು ಬಿಗಿ ಇಡಿ.

ಹೈಡ್ರಾಲಿಕ್ ಲಿಫ್ಟರನ್ನು ಈ ಕ್ಯಾಮ್‌ಗಳ ಮೇಲೆ ಕೂರಿಸಬೇಡಿ. ಹೊಸ ಕ್ಯಾಮಿಗೆ ಹಳೆಯ ಲಿಫ್ಟರೂ ಬೇಡ. ಹಳೆಯ ಕ್ಯಾಮನ್ನು ಅದರದೇ ಲಿಫ್ಟರುಗಳ ಸಮೇತ ಕೊಂಡರೆ ಯಾವುದು ಯಾವ ಲೋಬಿನದು ಎಂಬ ಗುರುತು ಇರಬೇಕು. ಡಬ್ಬಿಯಲ್ಲಿ ಬೆರೆತು ಬಂದಿದ್ದರೆ ಎಲ್ಲವನ್ನೂ ಎಸೆಯಿರಿ, ಕ್ಯಾಮ್ ಸಹಿತ.

ಹೊಸ ಕ್ಯಾಮ್ ಹಾಕಿದಾಗ ಮೊದಲ ಸ್ಟಾರ್ಟಿಗೆ ಡಬಲ್ ಸ್ಪ್ರಿಂಗ್‌ಗಳ ಒಳಗಿನದನ್ನು ತೆಗೆದಿಡಿ. ಲೋಬ್‌ಗಳಿಗೆ ಮಾಲಿ ಪೇಸ್ಟ್ ಬಳಿದು, ಸತು ಮತ್ತು ರಂಜಕ ಹೆಚ್ಚಿರುವ ಆಯಿಲ್ ತುಂಬಿ. ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಓಡಿಸಿ. ಐಡಲ್‌ನಲ್ಲಿ ಬಿಟ್ಟು ಕಾರ್ಬ್ಯುರೇಟರ್ ತಿದ್ದುತ್ತಾ ಕೂರಬೇಡಿ. ಕ್ರ್ಯಾಂಕ್ ಎರಚುವ ಆಯಿಲ್ ಆಗ ಲೋಬಿಗೆ ಸಾಲದು. ಬಳಿಕ ಫಿಲ್ಟರ್ ಕೊಯ್ದು ನೋಡಿ. ಲೋಹದ ಪುಡಿ ಹೊಳೆಯುತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಎಂಜಿನ್ ಬಿಚ್ಚಿ.