ದೊಡ್ಡ ಕಂಪನಿಗೆ ಕ್ಲೌಡ್ ಸಾಫ್ಟ್‌ವೇರ್ ಮಾರುವ ಮುನ್ನ

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. ಟಾಟಾ, ಅದಾನಿ, ರಿನ್ಯೂ, ಫೋರ್ಟಮ್‌ನಂಥ ಕಂಪನಿಗಳು ಇಲ್ಲಿ ಅಕ್ಕಪಕ್ಕದಲ್ಲೇ ಪ್ಯಾನೆಲ್ ಹಾಕಿದವು. ಇಂಥವರಿಗೆ ಬುಕ್ಕಾಪಟ್ಟಣದಲ್ಲೋ ಮಧುಗಿರಿಯಲ್ಲೋ ಕೂತು ಸಾಫ್ಟ್‌ವೇರ್ ಮಾರಲು ಅಡ್ಡಿಯಿಲ್ಲ. ಆದರೆ ಡೆಮೊ ನೋಡಿ ತಲೆದೂಗಿದವರು ಮೊದಲು ಕಳಿಸುವುದು ಆರ್ಡರ್ ಅಲ್ಲ, ಸೆಕ್ಯುರಿಟಿ ಪ್ರಶ್ನೆಗಳ ಎಕ್ಸೆಲ್ ಶೀಟು. ಅದಕ್ಕೆ ತಯಾರಾಗಿ.

1. ಒಬ್ಬರಿಗೆ ಒಂದು ಲಾಗಿನ್. ನಮ್ಮ ರಾಜ್ಯದ 'ಭೂಮಿ' ಯೋಜನೆ 2000ದ ಹೊತ್ತಿಗೇ ಇದನ್ನು ಮಾಡಿ ತೋರಿಸಿತು. ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುವವರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. 'ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದರು' ಎಂಬ ನೆಪಕ್ಕೆ ಜಾಗವಿರಲಿಲ್ಲ. ನಿಮ್ಮಲ್ಲಿ ಐದು ಜನ ಹಂಚಿಕೊಂಡ 'ಅಡ್ಮಿನ್' ಖಾತೆ ಇದ್ದರೆ ಇವತ್ತೇ ಮುಚ್ಚಿ. ಗಿರಾಕಿಯ ಸಿಬ್ಬಂದಿ ತಮ್ಮ ಕಂಪನಿ ಖಾತೆಯಿಂದಲೇ ಒಳಬರುವ ಎಸ್‌ಎಸ್‌ಒ ಸೌಲಭ್ಯ ಕೊಡಿ. ಕೆಲಸ ಬಿಟ್ಟವರ ಖಾತೆ ಅಲ್ಲಿ ಬಂದ್ ಆದರೆ ನಿಮ್ಮಲ್ಲೂ ಬಂದ್ ಆಗಬೇಕು. ಇದನ್ನು ದುಬಾರಿ ಪ್ಲಾನಿಗೆ ಮಾತ್ರ ಇಡುವ ಚಾಳಿ ನನಗಂತೂ ಹಿಡಿಸದು.

2. ಒಬ್ಬರ ಡೇಟಾ ಇನ್ನೊಬ್ಬರಿಗೆ ಕಾಣದಿರಲಿ. ಬೇಲಿಯಾಚೆಯ ಪ್ರತಿಸ್ಪರ್ಧಿಯ ಉತ್ಪಾದನೆ ಲೆಕ್ಕ ತೆರೆದುಕೊಂಡರೆ ನಿಮ್ಮ ಕಥೆ ಮುಗಿಯಿತು. ಬ್ರೌಸರ್ ವಿಳಾಸದಲ್ಲಿ ಪ್ಲಾಂಟ್ ನಂಬರ್ 41 ಇದ್ದರೆ ಅದನ್ನು 42 ಮಾಡಿ ಎಂಟರ್ ಒತ್ತಿ. ಪಕ್ಕದವರ ಪುಟ ಬಂತೇ? ಮಾರಾಟ ನಿಲ್ಲಿಸಿ, ಕೋಡ್ ತಿದ್ದಿ. ಪರದೆಯಲ್ಲಿ ಬಟನ್ ಮರೆಮಾಡಿದರೆ ಸಾಲದು. ಬಂದ ಪ್ರತಿ ಕೋರಿಕೆಯನ್ನೂ ಸರ್ವರ್ ತಾನೇ ಪರೀಕ್ಷಿಸಬೇಕು. ಹೊಸ ಆವೃತ್ತಿ ಬಿಡುವಾಗಲೆಲ್ಲ ಈ 41-42ರ ಪರೀಕ್ಷೆ ತಾನಾಗಿ ಓಡುವಂತೆ ಬರೆದಿಡಿ.

3. ಯಾರು, ಯಾವಾಗ, ಏನು ಬದಲಿಸಿದರು ಎಂಬ ಲಾಗ್ ಇರಲಿ, ಅಡ್ಮಿನ್‌ಗೂ ಅಳಿಸಲಾಗದಂತೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ 180 ದಿನಗಳ ಲಾಗ್ ಉಳಿಸಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು. ನಡುರಾತ್ರಿ ಫೋನ್ ಎತ್ತುವವರು ಯಾರೆಂದು ಈಗಲೇ ಗೊತ್ತುಮಾಡಿ.

4. ಬ್ಯಾಕಪ್ ತೆಗೆದರಷ್ಟೇ ಆಗದು. ಅದರಿಂದ ಡೇಟಾ ವಾಪಸ್ ತಂದು ನೋಡಿ.

5. ಐಎಸ್‌ಒ 27001, ಎಸ್‌ಒಸಿ-2 ಎಂಬ ಭದ್ರತಾ ಆಡಿಟ್‌ಗಳ ಕೆಲಸ ಬೇಗ ಶುರುಮಾಡಿ. ಎಸ್‌ಒಸಿ-2 ಟೈಪ್-2ರಲ್ಲಿ ನಿಮ್ಮ ಪದ್ಧತಿಗಳು ತಿಂಗಳುಗಟ್ಟಲೆ ನಿಜವಾಗಿ ನಡೆದವೇ ಎಂದು ಆಡಿಟರ್ ನೋಡುತ್ತಾರೆ. ಗಡುವಿನ ಹಿಂದಿನ ವಾರ ಓಡಾಡಿ ಪ್ರಯೋಜನವಿಲ್ಲ. 'ನಾವು ಅಮೆಜಾನ್ ಕ್ಲೌಡ್‌ನಲ್ಲಿದ್ದೇವೆ' ಎಂಬುದೂ ಉತ್ತರವಲ್ಲ. ಅವರ ಡೇಟಾ ಸೆಂಟರಿನ ಪ್ರಮಾಣಪತ್ರ ನಿಮ್ಮ ಕೋಡಿಗೆ ಅನ್ವಯಿಸದು.

6. ಶೀಟಿನಲ್ಲಿ ಸುಳ್ಳು ಬರೆಯಬೇಡಿ. 'ಸದ್ಯ ಇಲ್ಲ, ಈ ತಾರೀಖಿಗೆ ಆಗುತ್ತದೆ' ಎಂದವರ ಜತೆ ಮಾತು ಮುಂದುವರಿಯುತ್ತದೆ. ಉತ್ತರಗಳು ಕರಾರಿನ ಭಾಗವಾಗುತ್ತವೆಂಬುದು ನೆನಪಿರಲಿ.

7. ಗಿರಾಕಿಯ ದಿನಚರಿ ತಿಳಿದು ಅಪ್‌ಡೇಟ್ ಹಾಕಿ. ಸೋಲಾರ್‌ನವರು ಉತ್ಪಾದನೆಯ ಅಂದಾಜನ್ನು 15-15 ನಿಮಿಷದ ಲೆಕ್ಕದಲ್ಲಿ ಮುಂಚೆಯೇ ಕೊಡಬೇಕು. ಮಿತಿ ಮೀರಿ ತಪ್ಪಿದರೆ ದಂಡ. ಮಧ್ಯಾಹ್ನ ಸರ್ವರ್ ನಿಲ್ಲಿಸುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಬೇಕಾದಷ್ಟು ಸಮಯವಿದೆ.