ತೊರಕೆಗಳ ನಡುವೆ ಇಳಿಯುವ ಮುನ್ನ

ಕೆರಿಬಿಯನ್ ಹಡಗುಯಾನದಲ್ಲಿ ತೊರಕೆ ಮೀನುಗಳ ನಡುವೆ ಇಳಿಯಲು ಹೆಸರಾದ ತಾಣ ಗ್ರ್ಯಾಂಡ್ ಕೇಮನ್ ದ್ವೀಪದ ಸ್ಟಿಂಗ್‌ರೇ ಸಿಟಿ. ನಾರ್ತ್ ಸೌಂಡ್ ಎಂಬ ಹಿನ್ನೀರಿನ ಅಂಚಿನ ಈ ಮರಳುದಿಬ್ಬದ ಮೇಲೆ ನೀರು ಹೆಚ್ಚುಕಡಿಮೆ ಸೊಂಟದಷ್ಟೇ ಆಳ. ಹಿಂದೆ ಮೀನುಗಾರರು ಇಲ್ಲಿ ಮೀನು ಹಸನು ಮಾಡಿ ಎಸೆಯುತ್ತಿದ್ದ ತುಣುಕುಗಳಿಗೆ ಬಂದ ತೊರಕೆಗಳು ಮನುಷ್ಯರಿಗೆ ಒಗ್ಗಿಕೊಂಡವು.

ಪ್ರವಾಸ ಆರಿಸುವಾಗ ಮೊದಲು ನೋಡಬೇಕಾದದ್ದು ಬೆಲೆಯಲ್ಲ, ಸಮಯ. ದ್ವೀಪದ ಬಂದರಾದ ಜಾರ್ಜ್‌ಟೌನ್‌ನಲ್ಲಿ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತವೆ. ದಡಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ಹಡಗಿನ ಗಡಿಯಾರಕ್ಕೂ ದ್ವೀಪದ ಗಡಿಯಾರಕ್ಕೂ ಒಂದು ಗಂಟೆಯ ಅಂತರ ಇರಬಹುದು. ಹಡಗಿನವರೇ ಮಾರುವ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಹೊರಗಿನ ದೋಣಿ ಹಿಡಿದವರಿಗೆ ಆ ಭರವಸೆಯಿಲ್ಲ. ಆದರೂ ಸಮಯ ಧಾರಾಳವಾಗಿದ್ದರೆ, ಕೆಲವೇ ಜನರನ್ನು ಒಯ್ಯುವ ಸ್ಥಳೀಯರ ದೋಣಿಯೇ ಮೇಲು. ಸ್ನಾರ್ಕೆಲಿಂಗ್ ಬೇಕೆನ್ನುವವರು ಕೋರಲ್ ಗಾರ್ಡನ್ಸ್‌ನಂಥ ಹವಳದ ನಿಲುಗಡೆ ಸೇರಿದೆಯೇ ಎಂದು ಕೇಳಲೇಬೇಕು. ದಿಬ್ಬದಲ್ಲಿ ಇರುವುದು ಮರಳು ಮಾತ್ರ.

ಪಾದ ಎತ್ತದೆ ಮರಳನ್ನು ಸವರುತ್ತಾ ನಡೆದರೆ ಹುದುಗಿದ ತೊರಕೆ ಸರಿದುಹೋಗುತ್ತದೆ; ತುಳಿದರೆ ಬಾಲದ ವಿಷಮುಳ್ಳು ಚುಚ್ಚಬಹುದು. ಫೋಟೊಗಾಗಿ ಅದನ್ನು ನೀರಿನಿಂದ ಮೇಲೆತ್ತುವುದು ಅಲ್ಲಿನ ಕಾನೂನಿಗೆ ವಿರುದ್ಧ. ಎತ್ತಿಕೊಡುತ್ತೇವೆ ಎನ್ನುವ ದೋಣಿಯವರನ್ನು ದೂರವಿಡುವುದೇ ಸರಿ.